ಮನೆಯ ಗಣಕಯಂತ್ರಕ್ಕೆ ತಕ್ಕ ವಿದ್ಯುತ್ ಪೆಟ್ಟಿಗೆ
ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕುಟುಂಬಗಳಿಗೆ ಕೆಲವು ಸೂಚನೆಗಳು

ಗೋಕಾಕದ ಬಳಿ ಘಟಪ್ರಭೆಯು ಸುಮಾರು 171 ಅಡಿ ಎತ್ತರದಿಂದ ಧುಮ್ಮಿಕ್ಕುವ ದೃಶ್ಯವನ್ನು ಕಂಡವರೆಲ್ಲರೂ ಅದರ ಸೊಬಗನ್ನು ಕೊಂಡಾಡುತ್ತಾರೆ. ಆ ಜಲಧಾರೆಗೆ ಇನ್ನೊಂದು ಹಿರಿಮೆಯೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಇಲ್ಲಿಯ ನೂಲಿನ ಗಿರಣಿ ಈ ನೀರಿನ ಬಲದಿಂದ ನಡೆಯಿತು. 1887ರಲ್ಲಿಯೇ ಇಲ್ಲಿ ವಿದ್ಯುತ್ತನ್ನು ಉತ್ಪಾದಿಸಲಾಯಿತೆಂದು ಈ ಭಾಗದ ಜನರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ ಎಂಬುದನ್ನು ನೆನೆದರೆ ಈ ಅಭಿಮಾನದ ಅರ್ಥ ತಿಳಿಯುತ್ತದೆ. ನೆರೆಯ ಹುಕ್ಕೇರಿಯದು ಮತ್ತೊಂದು ವಿಶೇಷ. ಗ್ರಾಮೀಣ ವಿದ್ಯುದೀಕರಣಕ್ಕಾಗಿ ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದ ಮೊದಲ ಐದು ಸಹಕಾರಿ ಸಂಘಗಳಲ್ಲಿ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ಒಂದು. ಗ್ರಾಹಕರೇ ಸದಸ್ಯರಾಗಿ ಮನೆಮನೆಗೆ ವಿದ್ಯುತ್ತು ಹಂಚುವ ಇಂತಹ ಸಂಘ ಕರ್ನಾಟಕದಲ್ಲಿ ಇದೊಂದೇ. ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು, ಅಂದರೆ ಹೆಸ್ಕಾಂ, ವಿದ್ಯುತ್ತನ್ನು ಪೂರೈಸುತ್ತದೆ.

ಹೀಗೆ ವಿದ್ಯುತ್ತಿನೊಡನೆ ಶತಮಾನಕ್ಕೂ ಮೀರಿದ ನಂಟುಳ್ಳ ಈ ಭಾಗದಲ್ಲಿ ಇಂದು ಅನೇಕ ಮನೆಗಳಿಗೆ ಗಣಕಯಂತ್ರ ಬಂದಿದೆ. ಇಂಜಿನಿಯರಿಂಗ್ ಓದುವ ಮಗನಿಗೆ, ಲೆಕ್ಕಪತ್ರ ಕಲಿಯುವ ಮಗಳಿಗೆ, ಮುದ್ರಣದ ವಿನ್ಯಾಸ ಮಾಡುವ ಅಂಗಡಿಗೆ, ಗೊಬ್ಬರದ ವ್ಯಾಪಾರದ ಲೆಕ್ಕಕ್ಕೆ ಎಂದು ಕೊಳ್ಳುವವರು ಹಲವರು. ಕಂಪನಿಯ ಸಿದ್ಧ ಯಂತ್ರಕ್ಕಿಂತ ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಯಂತ್ರವು ನಮ್ಮ ಅಗತ್ಯಕ್ಕೆ ಹೆಚ್ಚು ಹೊಂದುತ್ತದೆ ಎಂಬ ತಿಳಿವಳಿಕೆಯೂ ಬೆಳೆದಿದೆ. ಇದು ಸಂತೋಷದ ಸಂಗತಿ. ಆದರೆ ಪ್ರೊಸೆಸರು ಯಾವುದು, ಪರದೆ ಎಷ್ಟು ದೊಡ್ಡದು ಎಂದು ತಿಂಗಳುಗಟ್ಟಲೆ ವಿಚಾರಿಸುವ ಕುಟುಂಬವು ಒಂದು ಭಾಗದ ಬಗ್ಗೆ ಮಾತ್ರ ಏನನ್ನೂ ಕೇಳುವುದಿಲ್ಲ. ಅದೇ ಎಸ್.ಎಂ.ಪಿ.ಎಸ್. ಎಂದು ಅಂಗಡಿಯವರು ಕರೆಯುವ ವಿದ್ಯುತ್ ಪೆಟ್ಟಿಗೆ. ಬಹಳ ಸಲ ಅದು ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಬಂದಿರುತ್ತದೆ. ಅಗ್ಗವೆಂದು ಮುಗ್ಗಲು ಜೋಳ ಕೊಂಡರಂತೆ ಎಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಕಬ್ಬಿನ ಬಿಲ್ಲಿನಲ್ಲಿ ಉಳಿಸಿದ ಹಣದಿಂದ ಕೊಂಡ ಯಂತ್ರವೊಂದು ಸಾವಿರ ರೂಪಾಯಿಯ ಉಳಿತಾಯಕ್ಕಾಗಿ ಸುಟ್ಟುಹೋದರೆ ಹೋಗುವುದು ಹಣವಷ್ಟೇ ಅಲ್ಲ. ಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯ ವರ್ಷದ ದುಡಿಮೆ, ಅಂಗಡಿಯ ಬಾಕಿ ವಸೂಲಿಯ ಲೆಕ್ಕ ಇವೂ ಹೋಗುತ್ತವೆ. ಆದುದರಿಂದ ಈ ಪೆಟ್ಟಿಗೆಯ ಆಯ್ಕೆಯ ಬಗ್ಗೆ ಓದುಗ ಬಂಧುಗಳಿಗೆ ನಾಲ್ಕು ಮಾತು ತಿಳಿಸುವುದು ಯೋಗ್ಯವೆಂದು ನಾವು ಭಾವಿಸಿದ್ದೇವೆ.

ಪೆಟ್ಟಿಗೆಯ ಒಳಗೆ ನಡೆಯುವುದೇನು?

ನಮ್ಮ ಮನೆಯ ಗೋಡೆಯ ಪ್ಲಗ್ಗಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಗಣಕಯಂತ್ರದ ಭಾಗಗಳಿಗೆ ಬೇಕಾದುದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತು. ಪೆಟ್ಟಿಗೆಯು ಮೊದಲು ಪರ್ಯಾಯ ವಿದ್ಯುತ್ತನ್ನು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಅನಂತರ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, ಮತ್ತೆ ಶೋಧಿಸಿ ಕೊಡುತ್ತದೆ. ಕಾಲುವೆಯ ನೀರು ರಭಸದಿಂದ ಬಂದರೂ ನಿಧಾನವಾಗಿ ಬಂದರೂ ಬೆಳೆಯ ಸಾಲಿಗೆ ಒಂದೇ ಸಮನಾಗಿ ನೀರು ಬಿಡುವ ಅನುಭವಿ ರೈತನ ಕೆಲಸವನ್ನು ಇದಕ್ಕೆ ಹೋಲಿಸಬಹುದು.

1995ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎ.ಟಿ.ಎಕ್ಸ್. ಎಂಬ ಮಾನದಂಡವೇ ಕಾಲಕಾಲಕ್ಕೆ ತಿದ್ದುಪಡಿಗೊಂಡು ಇಂದಿಗೂ ನಡೆದು ಬಂದಿದೆ. ಅದರ ಪ್ರಕಾರ ಈ ಮೂರೂ ವೋಲ್ಟೇಜುಗಳು ಶೇಕಡಾ 5ಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು. ಅಂದರೆ 12 ವೋಲ್ಟಿನ ಸಾಲು 11.40ರಿಂದ 12.60ರ ಒಳಗೆ ಇರಬೇಕು. ಕಳಪೆ ಪೆಟ್ಟಿಗೆಯು ಭಾರ ಬಿದ್ದ ಕೂಡಲೇ ಈ ಮೇರೆಯನ್ನು ಮೀರುತ್ತದೆ. ಆಗ ಯಂತ್ರವು ಕಾರಣವಿಲ್ಲದೆ ನಿಂತು ಮತ್ತೆ ಆರಂಭವಾಗುತ್ತದೆ, ಡಿಸ್ಕಿನಲ್ಲಿಯ ಕಡತಗಳು ಕೆಡುತ್ತವೆ. ದೋಷವು ತಂತ್ರಾಂಶದ್ದೆಂದು ಬಗೆದು ಹಲವರು ವಿಂಡೋಸನ್ನು ಮತ್ತೆ ಮತ್ತೆ ಹಾಕಿಸುತ್ತಾರೆ. ಮೂಲ ಕಾರಣ ಮಾತ್ರ ಪೆಟ್ಟಿಗೆಯಲ್ಲಿಯೇ ಉಳಿದಿರುತ್ತದೆ.

ನಮ್ಮ ಭಾಗದ ವಿದ್ಯುತ್ತಿನ ಸ್ವಭಾವ

ದೊಡ್ಡ ನಗರಗಳ ಪತ್ರಿಕೆಗಳು ನೀಡುವ ಸಲಹೆಯನ್ನು ನಾವು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ನಮ್ಮ ಹಳ್ಳಿಗಳದು ನೀರಾವರಿಯ ಬದುಕು. ಒಂದು ಟಿ.ಸಿ.ಯ ಮೇಲೆ ಹಲವು ಪಂಪ್‌ಸೆಟ್ಟುಗಳು ಒಮ್ಮೆಲೇ ನಡೆದಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಕುಸಿಯುತ್ತದೆ. ಅವೆಲ್ಲ ನಿಂತಾಗ ಥಟ್ಟನೆ ಏರುತ್ತದೆ. ಹೊಲದ ಪಂಪುಗಳಿಗೂ ಮನೆಗಳಿಗೂ ಬೇರೆ ಬೇರೆ ಲೈನುಗಳನ್ನು ಎಳೆಯುವ ನಿರಂತರ ಜ್ಯೋತಿ ಯೋಜನೆಯಿಂದ ಅನೇಕ ಊರುಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. ಆದರೂ ತೋಟದ ಮನೆಗಳಲ್ಲಿ ಇರುವವರು ಇದನ್ನು ಬಲ್ಲರು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಭಯವಿದೆ. ಇನ್ನು ಕಂಬದ ಮೇಲೆ ನ್ಯೂಟ್ರಲ್ ತಂತಿ ಸಡಿಲವಾದರಂತೂ 230ರ ಬದಲು 400ರ ಸಮೀಪದ ವೋಲ್ಟೇಜು ಮನೆಯನ್ನು ಹೊಕ್ಕು ಟಿ.ವಿ., ಬಲ್ಬು, ಯಂತ್ರ ಎಲ್ಲವನ್ನೂ ಸುಡಬಲ್ಲದು. ಆದುದರಿಂದ ನಮ್ಮವರಿಗೆ ಬೇಕಾದ ಪೆಟ್ಟಿಗೆಯು ಬಲಶಾಲಿಯಾಗಿದ್ದರೆ ಸಾಲದು. ಏರಿಳಿತವನ್ನು ತಾಳಿಕೊಳ್ಳುವಂತಹುದೂ ಆಗಿರಬೇಕು.

ಎಷ್ಟು ವ್ಯಾಟ್ ಬೇಕು?

ಹೆಚ್ಚು ವ್ಯಾಟ್ ಇದ್ದಷ್ಟೂ ಒಳ್ಳೆಯದೆಂಬುದು ಒಂದು ತಪ್ಪು ಕಲ್ಪನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನೀತಿ ಇಲ್ಲಿಯೂ ಸಲ್ಲುತ್ತದೆ. ಲೆಕ್ಕವು ಸರಳವಾಗಿದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಂಟೆಲ್‌ನ ಐ5-12400 ಪ್ರೊಸೆಸರಿನ ಮೇಲೆ 65 ವ್ಯಾಟ್ ಎಂದು ಬರೆದಿದ್ದರೂ ಪೂರ್ಣ ವೇಗದಲ್ಲಿ ಅದು 117 ವ್ಯಾಟಿನವರೆಗೆ ಎಳೆಯಬಲ್ಲದು. ಅದರ ಜೊತೆಗೆ ವಿನ್ಯಾಸದ ಕೆಲಸಕ್ಕೆಂದು ಎನ್ವಿಡಿಯಾದ ಆರ್.ಟಿ.ಎಕ್ಸ್. 3060 ಗ್ರಾಫಿಕ್ಸ್ ಕಾರ್ಡನ್ನು ಹಾಕಿದರೆ ಅದಕ್ಕೆ 170 ವ್ಯಾಟ್. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆ ಒಟ್ಟಾಗಿ 60 ಎಂದು ಹಿಡಿಯೋಣ. ಮೊತ್ತ 347 ವ್ಯಾಟ್. ಪೆಟ್ಟಿಗೆಯು ತನ್ನ ಶಕ್ತಿಯ ಮೂರರಲ್ಲಿ ಎರಡು ಭಾಗದಷ್ಟು ದುಡಿದರೆ ಬಿಸಿಯೂ ಕಡಿಮೆ, ಆಯುಷ್ಯವೂ ಹೆಚ್ಚು. ಆದುದರಿಂದ 550 ವ್ಯಾಟಿನ ಪೆಟ್ಟಿಗೆ ಇದಕ್ಕೆ ಯೋಗ್ಯ. ಆ ಕಾರ್ಡಿಗೆ ತಯಾರಕರು ಸೂಚಿಸುವುದೂ 550 ವ್ಯಾಟನ್ನೇ. ಗ್ರಾಫಿಕ್ಸ್ ಕಾರ್ಡು ಇಲ್ಲದ, ಕೇವಲ ಓದು ಬರಹ ಮತ್ತು ಲೆಕ್ಕದ ಯಂತ್ರಕ್ಕಾದರೆ ಉತ್ತಮ ದರ್ಜೆಯ 400 ಅಥವಾ 450 ವ್ಯಾಟ್ ಧಾರಾಳವಾಯಿತು. ಮುಂದೆ ಕಾರ್ಡು ಸೇರಿಸುವ ವಿಚಾರವಿದ್ದವರು ಮಾತ್ರ ಈಗಲೇ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಬೇಕು.

ಹಣೆಪಟ್ಟಿಯನ್ನು ಓದುವ ಕ್ರಮ

ಪೆಟ್ಟಿಗೆಯ ಬದಿಯಲ್ಲಿ ಅಂಟಿಸಿದ ಪಟ್ಟಿಯೇ ಅದರ ಜಾತಕ. ದೊಡ್ಡ ಅಕ್ಷರಗಳಲ್ಲಿ ಬರೆದ ವ್ಯಾಟನ್ನು ನಂಬದೆ 12 ವೋಲ್ಟಿನ ಸಾಲಿನ ಎದುರು ಎಷ್ಟು ಆಂಪಿಯರ್ ಎಂದಿದೆ ನೋಡಬೇಕು. ಇಂದಿನ ಪ್ರೊಸೆಸರು, ಕಾರ್ಡುಗಳು ಬಹುಮಟ್ಟಿಗೆ ಈ ಸಾಲಿನಿಂದಲೇ ವಿದ್ಯುತ್ತು ಪಡೆಯುತ್ತವೆ. ಮೇಲೆ 450 ವ್ಯಾಟ್ ಎಂದಿದ್ದು ಈ ಸಾಲಿನಲ್ಲಿ 16 ಆಂಪಿಯರ್ ಎಂದಿದ್ದರೆ, 12ನ್ನು 16ರಿಂದ ಗುಣಿಸಿ. ದೊರೆಯುವುದು 192 ವ್ಯಾಟ್ ಮಾತ್ರ. ಉತ್ತಮ 450 ವ್ಯಾಟಿನ ಪೆಟ್ಟಿಗೆಯಲ್ಲಿ ಈ ಸಂಖ್ಯೆ ಸುಮಾರು 36 ಆಂಪಿಯರ್ ಇರುತ್ತದೆ. ಗುಣಾಕಾರ ಬಲ್ಲ ಯಾವ ಗೃಹಿಣಿಯೂ ಅಂಗಡಿಯಲ್ಲಿಯೇ ಈ ಪರೀಕ್ಷೆಯನ್ನು ಮಾಡಬಹುದು.

ಎರಡನೆಯದು ಒಳಬರುವ ವೋಲ್ಟೇಜು. 100ರಿಂದ 240 ಎಂದು ಬರೆದಿದ್ದರೆ ಅದರಲ್ಲಿ ಆ್ಯಕ್ಟಿವ್ ಪಿ.ಎಫ್.ಸಿ. ಎಂಬ ವ್ಯವಸ್ಥೆ ಇದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಪಂಪುಗಳ ಹೊತ್ತಿನಲ್ಲಿ ವೋಲ್ಟೇಜು 160ಕ್ಕೆ ಇಳಿದರೂ ಇಂತಹ ಪೆಟ್ಟಿಗೆ ನಡೆಯುತ್ತದೆ. 200ರಿಂದ 240 ಎಂದಷ್ಟೇ ಇರುವುದು ನಮ್ಮ ತೋಟದ ಮನೆಗಳಿಗೆ ಹೇಳಿಸಿದ್ದಲ್ಲ. ಹಿಂಬದಿಯಲ್ಲಿ 115 ಮತ್ತು 230 ಎಂಬ ಪುಟ್ಟ ಕೆಂಪು ಗುಂಡಿಯಿರುವ ಹಳೆಯ ಮಾದರಿಯನ್ನು ದೂರವಿಡುವುದೇ ಲೇಸು. ಮಕ್ಕಳು ಕುತೂಹಲದಿಂದ ಅದನ್ನು 115ಕ್ಕೆ ಸರಿಸಿದರೆ ಪೆಟ್ಟಿಗೆಯು ಸದ್ದು ಮಾಡಿ ಸುಟ್ಟುಹೋಗುತ್ತದೆ.

ಮೂರನೆಯದು 80 ಪ್ಲಸ್ ಎಂಬ ಮುದ್ರೆ. 2004ರಲ್ಲಿ ಆರಂಭವಾದ ಈ ಪ್ರಮಾಣಪತ್ರವು ಪೆಟ್ಟಿಗೆಯು ಎಷ್ಟು ವಿದ್ಯುತ್ತನ್ನು ಬಿಸಿಯಾಗಿ ಪೋಲು ಮಾಡುತ್ತದೆಂಬುದನ್ನು ತಿಳಿಸುತ್ತದೆ. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಎಂದು ದರ್ಜೆಗಳಿವೆ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಭಾರದಲ್ಲಿ ಬ್ರಾಂಜ್ ದರ್ಜೆಯು ಶೇಕಡಾ 85, ಗೋಲ್ಡ್ ದರ್ಜೆಯು ಶೇಕಡಾ 90 ದಕ್ಷತೆಯನ್ನು ತೋರಬೇಕು. ಇದರ ಲಾಭವೆಷ್ಟು? ಯಂತ್ರಕ್ಕೆ 150 ವ್ಯಾಟ್ ಬೇಕಾಗಿದ್ದು ದಿನಕ್ಕೆ 5 ತಾಸು ನಡೆದರೆ, ಶೇಕಡಾ 80ರ ಪೆಟ್ಟಿಗೆಗಿಂತ ಶೇಕಡಾ 90ರದು ವರ್ಷಕ್ಕೆ ಸುಮಾರು 38 ಯೂನಿಟ್ ಉಳಿಸುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ಇದು ಮುನ್ನೂರು ರೂಪಾಯಿಯ ಒಳಗಿನ ಮಾತು. ಆದುದರಿಂದ ಕೇವಲ ಬಿಲ್ಲಿನ ಉಳಿತಾಯಕ್ಕಾಗಿ ದುಬಾರಿ ದರ್ಜೆಯ ಬೆನ್ನು ಹತ್ತಬೇಕಾಗಿಲ್ಲ. ದಿನವಿಡೀ ನಡೆಯುವ ಅಂಗಡಿಯ ಯಂತ್ರಕ್ಕಾದರೆ ಲೆಕ್ಕ ಬೇರೆಯಾದೀತು. ಈ ಮುದ್ರೆಯು ವೋಲ್ಟೇಜಿನ ಸ್ಥಿರತೆಯನ್ನಾಗಲೀ ರಕ್ಷಣಾ ವ್ಯವಸ್ಥೆಯನ್ನಾಗಲೀ ಅಳೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಅದರ ಪರೀಕ್ಷೆ ನಡೆಯುವುದು 23 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ. ನಮ್ಮ ಮೇ ತಿಂಗಳ ಮಧ್ಯಾಹ್ನ ಯಾವ ತೆರನಾದುದೆಂದು ಹೇಳಬೇಕಾಗಿಲ್ಲ.

ಉತ್ತಮ ಪೆಟ್ಟಿಗೆಯ ಲಕ್ಷಣಗಳು

ಒಳಗಿನ ಕೆಪ್ಯಾಸಿಟರುಗಳು 105 ಡಿಗ್ರಿ ಉಷ್ಣತೆಗೆ ತಕ್ಕವಾಗಿರಬೇಕು. 85 ಡಿಗ್ರಿಯವು ಬೇಗ ಒಣಗುತ್ತವೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಇವುಗಳ ಆಯುಷ್ಯವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರು ಪಾಲಿಸುವ ಸ್ಥೂಲ ನಿಯಮ. ಹೆಚ್ಚು ವೋಲ್ಟೇಜು, ಹೆಚ್ಚು ಪ್ರವಾಹ, ಶಾರ್ಟ್ ಸರ್ಕ್ಯೂಟ್, ಅತಿ ಭಾರ, ಅತಿ ಉಷ್ಣತೆ ಈ ಐದರಲ್ಲಿ ಯಾವುದು ಸಂಭವಿಸಿದರೂ ತಾನೇ ನಿಲ್ಲುವ ರಕ್ಷಣೆ ಇರಬೇಕು. ಒಳ್ಳೆಯ ಪೆಟ್ಟಿಗೆ ಕೆಟ್ಟರೂ ಒಂದೇ ಕೆಡುತ್ತದೆ. ಕಳಪೆಯದು ಕೆಡುವಾಗ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಒಯ್ಯುತ್ತದೆ. ಇವೆರಡರ ಮುಖ್ಯ ವ್ಯತ್ಯಾಸ ಇದೇ.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಸೀಸಾನಿಕ್‌ನಂತಹ ಕೆಲವರು ಸ್ವತಃ ತಯಾರಿಸುತ್ತಾರೆ. ಕೋರ್ಸೇರ್‌ನಂತಹ ಹಲವರು ಬೇರೆ ತಯಾರಕರಿಂದ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಒಂದೇ ಹೆಸರಿನಲ್ಲಿ ಉತ್ತಮ ಮಾದರಿಯೂ ಸಾಧಾರಣ ಮಾದರಿಯೂ ಇರಬಹುದು. ಆದುದರಿಂದ ಹೆಸರಿಗಿಂತ ಮಾದರಿಯನ್ನು ವಿಚಾರಿಸಬೇಕು. ವಾರಂಟಿಯ ಅವಧಿಯು ತಯಾರಕರಿಗೇ ತಮ್ಮ ಮಾಲಿನ ಮೇಲೆ ಇರುವ ನಂಬಿಕೆಯ ಅಳತೆ. ಐದು ವರ್ಷಕ್ಕೆ ಕಡಿಮೆಯಿಲ್ಲದ್ದನ್ನು ಆರಿಸುವುದು ಒಳಿತು. ವಾರಂಟಿಯ ಕೆಲಸ ಬೆಳಗಾವಿಯಲ್ಲಿಯೇ ಆಗುವುದೋ ದೂರದ ಊರಿಗೆ ಕಳಿಸಬೇಕೋ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ, ಜಿ.ಎಸ್.ಟಿ. ಬಿಲ್ಲನ್ನು ಜೋಪಾನವಾಗಿ ಇಡಬೇಕು.

ಯು.ಪಿ.ಎಸ್. ಮತ್ತು ಇನ್ವರ್ಟರು

ವಿದ್ಯುತ್ತು ಹೋದ ಕ್ಷಣದಲ್ಲಿ ಪೆಟ್ಟಿಗೆಯು ತನ್ನೊಳಗೆ ಕೂಡಿಟ್ಟ ಶಕ್ತಿಯಿಂದ ಯಂತ್ರವನ್ನು ಸ್ವಲ್ಪ ಹೊತ್ತು ನಡೆಸುತ್ತದೆ. ಆ ಹೊತ್ತು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 16 ಭಾಗ ಮಾತ್ರ. ಯು.ಪಿ.ಎಸ್. ಆ ಅವಧಿಯೊಳಗೆ ಬದಲಾದರೆ ಯಂತ್ರಕ್ಕೆ ವ್ಯತ್ಯಾಸವೇ ತಿಳಿಯದು. ಅಗ್ಗದ ಪೆಟ್ಟಿಗೆಯಲ್ಲಿ ಈ ತಾಳ್ಮೆ ಇನ್ನೂ ಕಡಿಮೆ, ಆಗ ಯು.ಪಿ.ಎಸ್. ಇದ್ದೂ ಯಂತ್ರ ಆರಿಹೋಗುತ್ತದೆ. ಮನೆಯ ಇನ್ವರ್ಟರಿನ ಮೇಲೆ ಯಂತ್ರ ನಡೆಸುವವರು ಅದರ ಹಿಂಬದಿಯ ಗುಂಡಿ ಯು.ಪಿ.ಎಸ್. ಎಂಬಲ್ಲಿ ಇದೆಯೇ ನೋಡಬೇಕು. ಯು.ಪಿ.ಎಸ್. ಮೇಲಿನ 600 ವಿ.ಎ. ಎಂಬುದು 600 ವ್ಯಾಟ್ ಅಲ್ಲ. ಸಾಮಾನ್ಯವಾಗಿ ಅದು 360 ವ್ಯಾಟ್ ಮಾತ್ರ. ಯಂತ್ರ ಮತ್ತು ಪರದೆಯ ಒಟ್ಟು ಬೇಡಿಕೆ ಅದರೊಳಗೆ ಇರಬೇಕು. ಆ್ಯಕ್ಟಿವ್ ಪಿ.ಎಫ್.ಸಿ. ಇರುವ ಪೆಟ್ಟಿಗೆಗಳು ಕೆಲವು ಅಗ್ಗದ ಯು.ಪಿ.ಎಸ್.ಗಳ ಒರಟು ಅಲೆಗೆ ಹೊಂದುವುದಿಲ್ಲ. ಶುದ್ಧ ಸೈನ್ ಅಲೆ ಕೊಡುವುದು ಉತ್ತಮ. ಅದು ಕೈಗೆಟುಕದಿದ್ದರೆ ಅಂಗಡಿಯಲ್ಲಿಯೇ ಎರಡನ್ನೂ ಜೋಡಿಸಿ, ಪ್ಲಗ್ಗನ್ನು ಕಿತ್ತು ತೋರಿಸಲು ಕೇಳಬೇಕು.

ಅರ್ಥಿಂಗ್ ಎಂಬ ಮರೆತ ಕಂಬ

ಹಲವು ಮನೆಗಳಲ್ಲಿ ಗಣಕಯಂತ್ರದ ಕಬ್ಬಿಣದ ಮೈಯನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದರೆ ಜುಮ್ಮೆನ್ನುತ್ತದೆ. ಪೆಟ್ಟಿಗೆ ಕೆಟ್ಟಿದೆಯೆಂದು ಹೆದರಿ ಅದನ್ನು ಬದಲಾಯಿಸುವವರಿದ್ದಾರೆ. ಅನೇಕ ಸಲ ದೋಷವಿರುವುದು ಮನೆಯ ಅರ್ಥಿಂಗಿನಲ್ಲಿ. ಗದ್ದಲದ ಅಲೆಗಳನ್ನು ಭೂಮಿಗೆ ಇಳಿಸಲೆಂದು ಪೆಟ್ಟಿಗೆಯಲ್ಲಿ ಪುಟ್ಟ ಕೆಪ್ಯಾಸಿಟರುಗಳಿರುತ್ತವೆ. ಭೂಮಿಗೆ ದಾರಿಯಿಲ್ಲದಿದ್ದಾಗ ಆ ಅಲ್ಪ ಪ್ರವಾಹವು ಯಂತ್ರದ ಮೈಗೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗು ಇದ್ದರೆ ಸಾಲದು. ಮೂರನೆಯ ತಂತಿಯು ನಿಜವಾಗಿ ಗುಂಡಿಯನ್ನು ಸೇರಿರಬೇಕು. ಇದ್ದಿಲು ಉಪ್ಪು ಹಾಕಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರೆರೆಯುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಕೂಡ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ನ್ಯೂಟ್ರಲ್ ದೋಷದಿಂದ ಬರುವ ಅತಿ ವೋಲ್ಟೇಜನ್ನು ಸಾಮಾನ್ಯ ಎಂ.ಸಿ.ಬಿ. ತಡೆಯುವುದಿಲ್ಲ, ಅದಕ್ಕೆ ಮೀಟರಿನ ಬಳಿ ಅತಿ ವೋಲ್ಟೇಜಿನಲ್ಲಿ ಸಂಪರ್ಕ ಕಡಿಯುವ ಸಾಧನವನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದ ಹಾಕಿಸಬೇಕು. ಸಿಡಿಲಿನ ಹೊತ್ತಿನಲ್ಲಿ ಯಾವ ಸಾಧನವನ್ನೂ ನಂಬದೆ, ಗುಡುಗು ಹತ್ತಿರ ಬರುವ ಮೊದಲೇ ಯಂತ್ರದ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಬಿಚ್ಚಿಡುವುದೇ ಸುರಕ್ಷಿತ. ಹತ್ತಾರು ಯಂತ್ರಗಳನ್ನು ಒಂದೇ ಕೋಣೆಯಲ್ಲಿ ಇಟ್ಟಿರುವ ನಮ್ಮ ಶಾಲೆ ಹಾಗೂ ವಿದ್ಯಾಸಂಸ್ಥೆಗಳ ಆಡಳಿತದವರು ವರ್ಷಕ್ಕೊಮ್ಮೆಯಾದರೂ ಅರ್ಥಿಂಗನ್ನು ಪರೀಕ್ಷಿಸಬೇಕೆಂದು ನಾವು ವಿನಂತಿಸುತ್ತೇವೆ.

ಮಾಡಬಾರದ ಕೆಲಸಗಳು

ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಒಳಗೆ ಮುನ್ನೂರಕ್ಕೂ ಮೀರಿದ ವೋಲ್ಟೇಜು ಕೆಲ ಹೊತ್ತು ಉಳಿದಿರುತ್ತದೆ, ಅದು ಪ್ರಾಣಾಂತಿಕ. ತಂತಿಗಳನ್ನು ಕಳಚಬಹುದಾದ ಮಾದರಿಗಳಲ್ಲಿ ಒಂದು ಪೆಟ್ಟಿಗೆಯ ತಂತಿಯನ್ನು ಇನ್ನೊಂದಕ್ಕೆ ಹಾಕಬಾರದು. ಹೊರಗೆ ಒಂದೇ ತರಹ ಕಂಡರೂ ಪಿನ್ನುಗಳ ಕ್ರಮ ಬೇರೆಯಿದ್ದು ಡಿಸ್ಕು ಕ್ಷಣದಲ್ಲಿ ಸುಡಬಹುದು. ಹಳೆಯ ಯಂತ್ರದ ಪೆಟ್ಟಿಗೆಯನ್ನು ಹೊಸದಕ್ಕೆ ಅಳವಡಿಸುವ ಮಿತವ್ಯಯವೂ ಬೇಡ. ಯಂತ್ರವನ್ನು ಗೋಡೆಗೆ ಒತ್ತಿ ಇಡದೆ ಹಿಂದೆ ಗೇಣು ಜಾಗ ಬಿಡಬೇಕು. ಹಿಟ್ಟಿನ ಗಿರಣಿ, ಗಾಣದ ಮನೆ, ರಸ್ತೆಯ ಧೂಳು ಸಮೀಪವಿದ್ದವರು ಎರಡು ಮೂರು ತಿಂಗಳಿಗೊಮ್ಮೆ, ಪ್ಲಗ್ಗು ತೆಗೆದು, ಹೊರಗಿನಿಂದಲೇ ಧೂಳು ಊದಿಸಬೇಕು.

ಮಗನಿಗೋ ಮಗಳಿಗೋ ಯಂತ್ರ ಜೋಡಿಸಲು ಹೊರಟಿರುವ ತಂದೆತಾಯಿಗಳು ಅಂಗಡಿಯವರು ಬರೆದುಕೊಟ್ಟ ಪಟ್ಟಿಯಲ್ಲಿ ಎಸ್.ಎಂ.ಪಿ.ಎಸ್. ಎಂಬ ಸಾಲನ್ನು ಮೊದಲು ಓದಲಿ. ಅದರ ಎದುರು ಮಾದರಿಯ ಹೆಸರಿಲ್ಲದೆ ಬರೀ ವ್ಯಾಟ್ ಇದ್ದರೆ ಮಾದರಿಯನ್ನು ಬರೆಸಲಿ. 12 ವೋಲ್ಟಿನ ಆಂಪಿಯರ್, ಒಳಬರುವ ವೋಲ್ಟೇಜು, ವಾರಂಟಿಯ ವರ್ಷ ಈ ಮೂರನ್ನು ಕೇಳಲಿ. ಹಣ ಸಾಲದೆಂದು ತೋರಿದರೆ ಬಣ್ಣದ ದೀಪಗಳ ಕ್ಯಾಬಿನೆಟ್ಟನ್ನು ಬಿಟ್ಟು ಸಾದಾ ಕ್ಯಾಬಿನೆಟ್ಟನ್ನು ಕೊಳ್ಳಲಿ. ಉಳಿದ ಭಾಗಗಳು ಮೂರು ನಾಲ್ಕು ವರ್ಷಗಳಲ್ಲಿ ಹಳತಾದಾವು. ಬಲ್ಲವರು ಆರಿಸಿದ ವಿದ್ಯುತ್ ಪೆಟ್ಟಿಗೆ ಮಾತ್ರ ಹಿರಿಯ ಮಗನ ಯಂತ್ರದಿಂದ ಕಿರಿಯ ಮಗಳ ಯಂತ್ರಕ್ಕೆ, ತನ್ನ ವಾರಂಟಿಯ ಅವಧಿಯೊಳಗೇ, ನಿಶ್ಚಿಂತೆಯಿಂದ ಸಾಗಬಲ್ಲದು.